ಎಂಜಿನ್ನಿನ ತವರೂರು

ದಿನದ ಮೊದಲ ಹಿಟ್ಟಿನಲ್ಲಿ ಒಂದು ಚಿಟಿಕೆ ಎಂಜಿನ್ನಿಗೆ ಸಲ್ಲಬೇಕು. ಮದುವೆಯಾಗಿ ಸಂತಪುರಕ್ಕೆ ಬಂದ ವಾರದಿಂದ ಮುನ್ನಿಬೀ ಇದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಮೊದಲು ಗಂಡ ಸುಭಾನ ಎಣ್ಣೆ ಡಬ್ಬಿ ಹಿಡಿದು ಗಿರಣಿಯ ಡೀಸೆಲ್ ಎಂಜಿನ್ನಿನ ಸುತ್ತ ಒಂದು ಸುತ್ತು ಬರುತ್ತಾನೆ. ಆಮೇಲೆ ಇವಳು ಬಿಸ್ಮಿಲ್ಲಾ ಎಂದು ಒಂದು ಚಿಟಿಕೆ ಜೋಳದ ಹಿಟ್ಟನ್ನು ಎಂಜಿನ್ನಿನ ಮೈಮೇಲಿನ ಹಿತ್ತಾಳೆ ತಗಡಿಗೆ ಒತ್ತುತ್ತಾಳೆ. ಸುಭಾನನ ಡಬ್ಬಿ ಅಲ್ಲೇ ಸ್ವಲ್ಪ ಸೋರುವುದರಿಂದ ಹಿಟ್ಟು ಚೆನ್ನಾಗಿ ಅಂಟುತ್ತದೆ. ಹೀಗೆ ಅಂಟಿ ಅಂಟಿ ತಗಡಿನ ಮೇಲೆ ರೊಟ್ಟಿಗಿಂತ ದಪ್ಪನೆಯ ಕರಿ ಹಕ್ಕಳೆ ಕಟ್ಟಿದೆ. ಅದರ ಕೆಳಗೆ ಅಕ್ಷರಗಳಿವೆ ಎಂಬುದನ್ನೇ ಊರಿನವರು ಮರೆತುಬಿಟ್ಟಿದ್ದಾರೆ.

ಎಂಜಿನ್ ಕೆಟ್ಟು ನಿಂತ ಈ ವಾರದಲ್ಲೂ ಪದ್ಧತಿ ನಿಲ್ಲಲಿಲ್ಲ. ಸುಭಾನ ಡಬ್ಬಿ ಹಿಡಿದು ಸುತ್ತು ಬಂದ. ಅವಳು ಅಡುಗೆಮನೆಯ ಡಬ್ಬದಿಂದ ಹಿಟ್ಟು ತಂದು ಒತ್ತಿದಳು. ಒತ್ತುವಾಗ ಬೆನ್ನ ಹಿಂದೆ ಜಗಳ ಆಗಲೇ ಕಾದ ಹಂಚಾಗಿತ್ತು.

ಸುಭಾನ: ವಿಲಾಯತಿ ಅಂದ್ರ ವಿಲಾಯತಿ! ಇದರ ಮ್ಯಾಲ ಮಾತಿಲ್ಲ ಮಾಸ್ತರ.

ಥಾಮಸ: ಮಾತಿಲ್ಲಂದ್ರ ಪಾರ್ಟೂ ಇಲ್ಲ ಸುಭಾನ ಭಾಯಿ. ಭಾಲ್ಕಿ ಅಂಗಡಿ ಜುಲ್ಫೀಕಾರ ಏನು ಕೇಳ್ಯಾನ? ಯಾವ ಕಂಪನಿ, ಯಾವ ಮಾಡಲ್, ಯಾವ ಇಸವಿ. ನೀವು ಮೂರಕ್ಕೂ ಸೇರಿಸಿ ಒಂದೇ ಉತ್ತರ ಕೊಡ್ಲಿಕತ್ತೀರಿ.

ಸುಭಾನ: ಒಂದೇ ಉತ್ತರ ಮೂರಕ್ಕ ಸಾಲ್ತದಂದ್ರ ನೋಡ್ರಿ, ಎಂಥಾ ಎಂಜಿನ್ ಇರಬೇಕು.

ಥಾಮಸ ಮಾಸ್ತರರು ಸರಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಓಣಿಯಾಚೆಯ ಚರ್ಚಿನ ಗಂಟೆಯನ್ನು ವಾರಕ್ಕೊಮ್ಮೆ ತಿಕ್ಕಿ ಹೊಳೆಯಿಸುವುದು ಅವರ ಸೇವೆ. ಗಂಟೆ ಇಂಗ್ಲೆಂಡಿನದು, ಊರಿನ ಹೆಸರು, ವರ್ಷ ಎರಡೂ ಅದರ ಮೈಮೇಲೆ ಎರಕದಲ್ಲೇ ಮೂಡಿವೆ. ಸಂತಪುರದಲ್ಲಿ ವಿಲಾಯತಿ ವಸ್ತು ಎರಡಿವೆ, ಒಂದು ಗಂಟೆ, ಇನ್ನೊಂದು ಸುಭಾನನ ಎಂಜಿನ್, ಎಂದು ಜನ ಅಂದಾಗಲೆಲ್ಲ ಮಾಸ್ತರರು ಸ್ವಲ್ಪ ಕೆಮ್ಮುತ್ತಾರೆ.

ಎಂಜಿನ್ನಿನ ಪಿಸ್ಟನ್ ಹೊರಬಂದು ಗೋಣಿತಾಟಿನ ಮೇಲೆ ಮಲಗಿತ್ತು. ಅದರ ರಿಂಗುಗಳು ಸವೆದು ಮುರಿದು ತುಂಡಾಗಿದ್ದವು. ರಿಂಗ್ ಸಿಗದಿದ್ದರೆ ಶುಕ್ರವಾರ ಮಗ ಖಾಲಿದ ಬೀದರದಿಂದ ಟೆಂಪೋದಲ್ಲಿ ಕರೆಂಟಿನ ಮೋಟರು ತರುತ್ತಾನೆ, ಅದೇ ಟೆಂಪೋದಲ್ಲಿ ಎಂಜಿನ್ ಗುಜರಿಗೆ ಹೋಗುತ್ತದೆ ಎಂದು ಮಾತಾಗಿತ್ತು. ಇವತ್ತು ಬುಧವಾರ.

ಮುನ್ನಿಬೀಗೆ ಎಂಜಿನ್ ಬೇಕಾಗಿತ್ತು. ಅದು ನಡೆದಾಗ ಹೊಗೆ ಕೊಳವೆಯ ಬಾಯಿಗೆ ಕಟ್ಟಿದ ತಗಡಿನ ಡಬ್ಬಿ ಕೂಕ್ ಕೂಕ್ ಅನ್ನುತ್ತದೆ, ಆ ತಾಳಕ್ಕೆ ಅವಳ ಜಪದ ತಸ್ಬೀಹಿನ ಮಣಿಗಳು ಸರಿಯುತ್ತವೆ. ಮಗನ ಮನೆಯ ಬಾಜು ಮೋಟರಿನ ಗಿರಣಿ ಇದೆ. ಅವಳು ಕೇಳಿ ನೋಡಿದ್ದಾಳೆ. ಬೆಳಗಿನಿಂದ ಸಂಜೆಯ ತನಕ ಒಂದೇ ಗುಂಯ್. ಆ ಗುಂಯ್‌ನಲ್ಲಿ ಯಾವಾಗ ಮಣಿ ಸರಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಥಾಮಸ: ಹೋಗಲಿ, ಎಲ್ಲಿಂದ ಬಂತು, ಯಾವಾಗ ಬಂತು, ಅದನ್ನಾರ ಹೇಳ್ರಿ.

ಸುಭಾನ: ನಿಜಾಮರ ಕಾಲ. ನಮ್ಮ ಅಬ್ಬಾ ಮುಂಬೈದಾಗ ಹಡಗಿನಿಂದ ಇಳಿಸ್ಕೊಂಡ್ರು. ರೈಲಿನಾಗ ಭಾಲ್ಕಿ ಟೇಸನಕ್ಕ ಬಂತು. ಅಲ್ಲಿಂದ ಎಂಟು ಎತ್ತು ಕಟ್ಟಿ ಎಳಕೊಂಡು ತಂದ್ರು.

ಥಾಮಸ: ಹ್ವಾದ ವರ್ಷ ಆರು ಎತ್ತಂದಿದ್ರಿ.

ಸುಭಾನ: ಏರಿನಾಗ ಎರಡು ಹೆಚ್ಚು ಕಟ್ಟಿದ್ರು.

ಥಾಮಸ: ಭಾಲ್ಕಿಯಿಂದ ಇಲ್ಲಿತನಕ ಅಂಥಾ ಏರು ಎಲ್ಲಿ ಅದರಿ?

ಸುಭಾನ: ಬಸ್ಸಿನಾಗ ಕುಂತು ಬರೋರಿಗಿ ಗೊತ್ತಾಗಾಂಗಿಲ್ಲ. ಎಂಜಿನ್ ಎಳದವರಿಗಿ ಗೊತ್ತಾಗ್ತದ.

ಗಿರಾಕಿ ಹೆಂಗಸರಿಬ್ಬರು ಜೋಳದ ಬುಟ್ಟಿ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತರು. ಎಂಜಿನ್ ಕೆಟ್ಟಿದೆ ಎಂದು ಅವರಿಗೆ ಗೊತ್ತಿತ್ತು; ಬಂದದ್ದು ಜಗಳ ಕೇಳಲು. ಗಂಡಹೆಂಡತಿ ಮನೆಯಲ್ಲಿ ಜಗಳಾಡುವುದು ದಖನಿ ಉರ್ದುವಿನಲ್ಲಿ, ಗಿರಣಿಯಲ್ಲಿ ಮಾತ್ರ ಕನ್ನಡದಲ್ಲಿ. ಕಾದು ಕುಳಿತವರಿಗೆ ಹೊತ್ತು ಹೋಗಬೇಕಲ್ಲ.

ಸುಭಾನ: ಬಣ್ಣ ನೋಡ್ರಿ ಬಣ್ಣ. ಹಸರು! ಇಂಗ್ಲಿಷರು ಹಸರೇ ಹಚ್ತಿದ್ರು.

ಥಾಮಸ: ಅದು ನೀವು ಹಚ್ಚಿದ್ದು. ನಿಮ್ಮ ಬಾಗಿಲ ಹಸರು, ಕಿಟಕಿ ಹಸರು, ಆಡು ಕಟ್ಟೂ ಗೂಟನೂ ಹಸರು. ಅವೂ ಹಡಗಿನಾಗೇ ಬಂದಾವೇನು?

ಸುಭಾನ: ನಿಮ್ಮ ಫೋನಿಗಿ ಕೇಳ್ತೇನಂತಿದ್ರಿ. ಕೇಳಿದ್ರೇನು?

ಥಾಮಸ: ಕೇಳೀನಿ. ಫೋಟೋ ತೋರಿಸಿದ್ರ ಅದೇನಂತ ಅದು ಹೇಳ್ತದ. ಮೊದಲನೇ ಫೋಟೋದಾಗ ನೀವು ಅಡ್ಡ ನಿಂತಿದ್ರಿ. ‘ಹಿರಿಯ ಮನುಷ್ಯ’ ಅಂತು.

ಸುಭಾನ: ಮಾಡಲ್?

ಥಾಮಸ: ಮಾಡಲ್ ಕೊಡಲಿಲ್ಲ. ನೀವು ಸರದ ಮ್ಯಾಲ ಇನ್ನೊಂದು ತೆಗದೆ. ‘ಕಬ್ಬಿನ ಗಾಣ’ ಅಂತು.

ಸುಭಾನ: ಅದಕ್ಕ ವಿಲಾಯತಿ ಸಾಮಾನು ನೋಡಿ ರೂಢಿ ಇಲ್ಲ.

ಮಾಸ್ತರರು ಜುಲ್ಫೀಕಾರನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಟ್ಟಿನ ಡಬ್ಬದ ಮೇಲಿಟ್ಟರು.

ಜುಲ್ಫೀಕಾರ: ಸಲಾಂ ಮಾಸ್ತರ. ಗೊತ್ತಾತೇನ್ರಿ, ಯಾವ ಎಂಜಿನ್?

ಥಾಮಸ: ವಿಚಾರ ನಡದದ.

ಸುಭಾನ: ಜುಲ್ಫೀಕಾರ, ನಾ ಸಪ್ಪಳ ಮಾಡಿ ತೋರಿಸ್ತೇನಿ, ನೀ ತಿಳಕೋ. ಕೂಕ್... ಢಪ್. ಕೂಕ್... ಢಪ್.

ಜುಲ್ಫೀಕಾರ: ಇದು ನಮ್ಮ ಮಾಮಾನ ಸ್ಕೂಟರ್ ಸಪ್ಪಳ ಅದರಿ.

ಸುಭಾನ: ನಡುವಿನ ಢಪ್ ಕೇಳಿಲ್ಲೇನು? ಆ ಢಪ್ ವಿಲಾಯತಿ.

ಜುಲ್ಫೀಕಾರ: ಚಾಚಾ, ಖುಲ್ಲಾ ಹೇಳ್ತೇನಿ. ವಿಲಾಯತಿ ಇದ್ರ ನನ್ನ ಹತ್ರ ರಿಂಗ್ ಇಲ್ಲ, ಬೀದರದಾಗೂ ಸಿಗಾಂಗಿಲ್ಲ. ಮನಿಯಾಗ ಇಟ್ಟು ಸಲಾಂ ಮಾಡ್ರಿ. ಗುಜರಾತದ ರಾಜಕೋಟದ್ದು ಇದ್ರ ಸೆಟ್ ನನ್ನ ಅಲಮಾರಿನಾಗೇ ಅದ. ಸಂಜಿ ಬಸ್ಸಿಗಿ ಕೊಟ್ಟು ಕಳಿಸ್ತೇನಿ.

ರಾಜಕೋಟ ಎಂಬ ಮಾತು ಬಿದ್ದಾಗ ಮುನ್ನಿಬೀಯ ಬೆರಳಲ್ಲಿ ಮಣಿ ನಿಂತಿತು. ಅವಳಿಗೆ ಎಂಜಿನ್ನಿನ ಊರು ಗೊತ್ತಿತ್ತು.

ತವರೂರು ಮೆಹಕರದಲ್ಲಿದ್ದ ಅವಳ ಅಪ್ಪ ಈ ಸಂಬಂಧಕ್ಕೆ ಒಪ್ಪಿದ್ದೇ ಎಂಜಿನ್ನಿನ ಹೆಸರಿಗೆ. ಭಾಲ್ಕಿಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇದ್ದ ವರನನ್ನು ಬಿಟ್ಟು, ‘ವಿಲಾಯತಿ ಎಂಜಿನ್ ಇದ್ದ ಮನಿ’ ಎಂದು ಮಗಳನ್ನು ಇಲ್ಲಿಗೆ ಕೊಟ್ಟಿದ್ದ. ಮದುವೆಯಾದ ಮೂರನೆಯ ದಿನ ಗಿರಣಿ ಗುಡಿಸುತ್ತ ಹೊಸ ಸೊಸೆ ತಗಡು ಒರೆಸಿದಳು. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು: ರಾಜಕೋಟ. ಕೆಳಗಿದ್ದ ವರ್ಷ ನಿಜಾಮರು ಹೋದ ಎಷ್ಟೋ ಕಾಲದ ಮೇಲಿನದು. ಅವಳಿಗೆ ನಗು ಬಂತು, ಆಮೇಲೆ ಹೆದರಿಕೆ ಬಂತು. ಅವತ್ತೇ ಮಧ್ಯಾಹ್ನ ಅಪ್ಪ ಮಗಳನ್ನು ನೋಡಲು ಬರುವವನಿದ್ದ. ಅವನು ಭಾಲ್ಕಿ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿ, ಪಾರ್ಸೆಲ್ಲುಗಳ ಮೇಲಿನ ಇಂಗ್ಲಿಷ್ ಓದಲು ಕಲಿತವನು.

ಅವಳು ಹಿಟ್ಟಿಗೆ ಎಣ್ಣೆ ಕಲಸಿ, ಬಿಸ್ಮಿಲ್ಲಾ ಎಂದು, ತಗಡಿನ ತುಂಬ ಮೆತ್ತಿದಳು. ಅತ್ತೆ ಬಂದು ಏನಿದು ಎಂದರು. ‘ಬಿಸ್ಮಿಲ್ಲಾ ಅಂತ ಹಿಟ್ಟು ಇಟ್ಟೀನ್ರಿ’ ಎಂದಳು. ಅದು ಸುಳ್ಳಾಗಿರಲಿಲ್ಲ. ಮನೆಗೆ ಸಿರಿ ತರುವ ಬರಕತ್ತಿನ ಸೊಸೆ ಬಂದಳೆಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಮರುದಿನ ಹಿಟ್ಟು ಇಡದೆ ಇರುವ ಹಾಗಿರಲಿಲ್ಲ. ಅಪ್ಪ, ಅತ್ತೆ, ಮಾವ ಎಲ್ಲರೂ ಹೋದರು. ಆದರೆ ಅಷ್ಟರಲ್ಲಿ ಸುಭಾನನ ಹೆಸರೇ ‘ವಿಲಾಯತಿ ಸುಭಾನ’ ಎಂದಾಗಿತ್ತು. ಅಪ್ಪನಿಗಾಗಿ ಮುಚ್ಚಿದ್ದನ್ನು ಅವಳು ಗಂಡನಿಗಾಗಿ ಮುಚ್ಚುತ್ತ ಬಂದಳು.

ಈಗ ಬಾಯಿ ಬಿಟ್ಟರೆ ಎಂಜಿನ್ ಉಳಿಯುತ್ತದೆ, ಸುಭಾನ ಉಳಿಯುವುದಿಲ್ಲ. ಸುಮ್ಮನಿದ್ದರೆ ಸುಭಾನ ಉಳಿಯುತ್ತಾನೆ, ಎಂಜಿನ್ ಟೆಂಪೋ ಹತ್ತುತ್ತದೆ. ಸುಳ್ಳಂತೂ ಹೇಳುವಂತಿಲ್ಲ.

ಥಾಮಸ: ಹುಚ್ಚರಾಂಗ ಕುಂತೀವಿ ನಾವು! ಇಲ್ಲಿ ತಗಡು ಅದ, ತಗಡಿನ ಮ್ಯಾಲ ಎಲ್ಲಾ ಬರದಿರ್ತಾರ. ಭಾಬಿ, ಒಂದು ಉಳಿ ಕೊಡ್ರಿ, ಈ ಹಕ್ಕಳಿ ಕೆರದು ಬಿಡ್ತೇನಿ.

ಮುನ್ನಿಬೀ ಬಾಯಿ ತೆರೆಯುವ ಮೊದಲೇ ಸುಭಾನ ಎದ್ದು ಎಂಜಿನ್ನಿಗೆ ಬೆನ್ನು ಕೊಟ್ಟು ನಿಂತ.

ಸುಭಾನ: ಅದಕ್ಕ ಕೈ ಹಚ್ಚಬ್ಯಾಡ್ರಿ ಮಾಸ್ತರ! ಅದು ಮುನ್ನಿಯ ಬರಕತ್. ಮದುವಿ ಆದಾಗಿಂದ ಇಟ್ಟಿದ್ದು.

ಥಾಮಸ: ಬರಕತ್ ಬ್ಯಾರೆ, ತಗಡು ಬ್ಯಾರೆ. ಓದಿ ಮತ್ತ ಹಿಟ್ಟು ಮೆತ್ತೋಣಂತ.

ಸುಭಾನ: ನಿಮ್ಮ ಗಂಟಿ ನೀವು ತಿಕ್ಕೋರಿ. ನನ್ನ ಹೆಂಡತಿ ನಂಬಿಕಿ ನಾ ಕೆರಸಾಂಗಿಲ್ಲ.

ಇಷ್ಟು ವರ್ಷದಲ್ಲಿ ಗಂಡ ಅವಳ ನಂಬಿಕೆಯ ಮಾತೆತ್ತಿದ್ದು ಇದೇ ಮೊದಲು. ಮುನ್ನಿಬೀಗೆ ಒಳಗೇ ಖುಷಿಯಾಯಿತು.

ಥಾಮಸ: ಹಾಂಗಾದ್ರ ಅಳತಿ ತಗೊಂಡು ರಾಜಕೋಟದ್ದು ತರಸೋಣ. ನಾ ನಿನ್ನಿನಿಂದ ಫೂಟ್‌ಪಟ್ಟಿ ಕಿಸೆದಾಗ ಇಟ್ಕೊಂಡು ಅಡ್ಡಾಡ್ಲಿಕತ್ತೀನಿ.

ಸುಭಾನ: ಪಟ್ಟಿ ಒಳಗಿಡ್ರಿ! ರಾಜಕೋಟದ ರಿಂಗ್ ಹಾಕಿದ್ರ ಮಂದಿ ಏನಂತಾರ? ಎಂಜಿನ್ನೇ ರಾಜಕೋಟದ್ದಂತಾರ. ಅದಕಿಂತ ವಿಲಾಯತಿ ಆಗೇ ಗುಜರಿಗಿ ಹೋಗಲಿ.

ಥಾಮಸ: ಗುಜರಿಯಾಂವ ತೂಕ ನೋಡ್ತಾನ ಭಾಯಿ, ಊರು ಕೇಳಾಂಗಿಲ್ಲ.

ಜುಲ್ಫೀಕಾರ: (ಡಬ್ಬದ ಮೇಲಿನಿಂದ) ಹಲೋ, ನಾ ಇರಲ್ಯೋ ಇಡಲ್ಯೋ?

ಮುನ್ನಿಬೀ: ಜರಾ ಇರಪಾ ಜುಲ್ಫೀಕಾರ. ಖಾಲಿದನ ಅಬ್ಬಾ, ಒಂದು ಮಾತು ಕೇಳ್ಲೇನು?

ಸುಭಾನ: ಕೇಳು.

ಮುನ್ನಿಬೀ: ನಿಮ್ಮ ಬಾಯಾಗಿನ ಹಲ್ಲು ಯಾವೂರವು?

ಕಟ್ಟೆಯ ಮೇಲಿನ ಹೆಂಗಸರು ಬುಟ್ಟಿ ಬಿಟ್ಟು ಸ್ವಲ್ಪ ಮುಂದೆ ಸರಿದರು. ಸುಭಾನ ಬಾಯಿಗೆ ಕೈ ಅಡ್ಡ ಹಿಡಿದ.

ಸುಭಾನ: ಮಂದಿ ಮುಂದ ಅದು ಯಾಕ ಈಗ?

ಥಾಮಸ: ಮಂದಿಗಿ ಗೊತ್ತಿದ್ದದ್ದೇ ಅದ ಭಾಯಿ. ಹಾಕಿಸ್ಕೊಂಡು ಬರೋ ದಿನ ಬಸ್ಸಿನಾಗ ನನ್ನ ಬಾಜೂಕ ಕುಂತಿದ್ರಿ. ದಾರಿ ತುಂಬ ನಕ್ಕೋತ ಬಂದ್ರಿ. ಎಷ್ಟು ಖುಷಿ ಮನುಷ್ಯ ಅಂದ್ಕೊಂಡೆ. ಬಾಯಿ ಮುಚ್ಚಲಿಕ್ಕೇ ಬರ್ತಿದ್ದಿಲ್ಲಂತ ಆಮ್ಯಾಲ ತಿಳೀತು.

ಮುನ್ನಿಬೀ: ಯಾವೂರವು ಹೇಳ್ರಿ.

ಸುಭಾನ: ಬೀದರದವು.

ಮುನ್ನಿಬೀ: ನೀವು ಹುಟ್ಟಿದ್ದು ಎಲ್ಲಿ?

ಸುಭಾನ: ಇಲ್ಲೇ ಸಂತಪುರದಾಗ. ಗಿರಣಿ ಹಿಂದಿನ ಖೋಲಿಯಾಗ. ನಿನಗ ಗೊತ್ತಿಲ್ಲೇನು?

ಮುನ್ನಿಬೀ: ಬೀದರದ ಹಲ್ಲು ಕೂಡಿಸಿದ ಮ್ಯಾಲ ನಿಮ್ಮ ಊರು ಬದಲ್ ಆತೇನು?

ಸುಭಾನ ನಾಲಿಗೆಯಿಂದ ಹಲ್ಲುಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಅವನ ಮುಖದಲ್ಲಿ ನಿಧಾನವಾಗಿ ಬೆಳಕು ಬಂತು.

ಸುಭಾನ: ಆಗಿಲ್ಲ.

ಮುನ್ನಿಬೀ: ಡಾಕ್ಟರ್ ಅಳತಿ ತಗೊಂಡೇ ಕೂಡ್ಸ್ಯಾರಲ್ಲ?

ಸುಭಾನ: ಮೇಣ ಕಚ್ಚಿಸಿ ತಗೊಂಡ್ರು. ಬರೋಬ್ಬರಿ ಕೂಡ್ಯಾವ. ಕಡ್ಲಿ ತಿಂತೇನಿ.

ಥಾಮಸ: ಎಂಜಿನ್ನಿಗಿ ಮೇಣ ಬ್ಯಾಡ. ಸರಿರಿ ಜರಾ.

ಮಾಸ್ತರರು ಕಿಸೆಯ ಪಟ್ಟಿ ತೆಗೆದು, ಕನ್ನಡಕ ಏರಿಸಿ, ಎಂಜಿನ್ನಿನ ಬಾಯಿಯ ಅಳತೆ ತೆಗೆದರು. ಮತ್ತೊಮ್ಮೆ ತೆಗೆದರು. ಶಾಲೆಯಲ್ಲಿ ಕಾಪಿ ಹಿಡಿದಾಗ ಬರುತ್ತಿದ್ದ ನಗು ಅವರ ಮುಖದಲ್ಲಿ ಬಂತು.

ಥಾಮಸ: ಜುಲ್ಫೀಕಾರ, ನಾಲ್ಕೂವರಿ ಇಂಚು.

ಜುಲ್ಫೀಕಾರ: ಅದೇರಿ! ಪಕ್ಕಾ ರಾಜಕೋಟ. ಕಣ್ಣು ಮುಚ್ಚಿ ಹಾಕ್ರಿ. ಸಂಜಿ ಬಸ್ಸಿನಾಗ ಕಂಡಕ್ಟರನ ಕೈಯಾಗ ಕೊಡ್ತೇನಿ.

ಥಾಮಸ: ಕೇಳಿದ್ರೇನು ಸುಭಾನ ಭಾಯಿ? ಕೂದಲೆಳಿಯಷ್ಟೂ ಫರಕ್ ಇಲ್ಲ. ಹಾಂಗಂದ್ರ ಎಂಜಿನ್ ಯಾವೂರದ್ದಾತು?

ಸುಭಾನ: ನನ್ನ ಹಲ್ಲೂ ಕೂದಲೆಳಿಯಷ್ಟು ಫರಕ್ ಇಲ್ಲ. ಹಾಂಗಂದ್ರ ನಾ ಬೀದರದಾಗ ಹುಟ್ಟಿದ್ನೇನು?

ಥಾಮಸ: ಹಲ್ಲು ನಿಮ್ಮ ಬಾಯಿ ನೋಡಿ ಮಾಡ್ಯಾರರಿ!

ಸುಭಾನ: ರಾಜಕೋಟದವರೂ ನಮ್ಮ ಎಂಜಿನ್ ನೋಡಿ ಮಾಡಿರಬೇಕು.

ಥಾಮಸ: ಅವ್ರು ಸಂತಪುರಕ್ಕ ಬಂದಿದ್ರೇನು?

ಸುಭಾನ: ಬಂದಿದ್ರೂ ಬಂದಿರಬಹುದು. ನಾ ಆಗ ಸಣ್ಣಾಂವ.

ಮಾಸ್ತರರು ಪಟ್ಟಿಯನ್ನು ಕಿಸೆಗೆ ಹಾಕಿಕೊಂಡರು. ನಲವತ್ತು ಮಕ್ಕಳ ವರ್ಗದಲ್ಲಿ ಇಂಥ ಹುಡುಗ ಒಬ್ಬನಾದರೂ ಇರುತ್ತಿದ್ದ ಎಂಬುದು ಅವರಿಗೆ ನೆನಪಾದಂತಿತ್ತು.

ರಿಂಗುಗಳು ಸಂಜೆಯ ಬಸ್ಸಿಗೆ ಬಂದವು. ಗುರುವಾರ ಬೆಳಿಗ್ಗೆ ಸುಭಾನ ಅಂಗಿಯ ತೋಳು ಮಡಚಿ ಕುಳಿತ. ರಿಂಗು ಕಬ್ಬಿಣದ್ದಾದರೂ ಬಳೆಯಂಥದು. ಸ್ವಲ್ಪ ಹೆಚ್ಚು ಅಗಲಿಸಿದರೆ ಚಟ್ ಎಂದು ಮುರಿಯುತ್ತದೆ. ಅವನು ಒಂದೊಂದನ್ನೂ ಹೆಬ್ಬೆರಳುಗಳಿಂದ ಹದವಾಗಿ ಬಿಡಿಸಿ ಪಿಸ್ಟನ್ನಿಗೆ ಏರಿಸಿದ. ಒಂದೂ ಮುರಿಯಲಿಲ್ಲ. ಪಕ್ಕದಲ್ಲಿ ದೀಪ ಹಿಡಿದು ಕುಳಿತ ಮುನ್ನಿಬೀ ಆ ಕೈಗಳನ್ನೇ ನೋಡುತ್ತಿದ್ದಳು.

ಮಧ್ಯಾಹ್ನದ ನಮಾಜಿನ ಮೇಲೆ ಹ್ಯಾಂಡಲ್ ಹೊಡೆದರು. ಎಂಜಿನ್ ಒಮ್ಮೆ ಕೆಮ್ಮಿತು, ಒಮ್ಮೆ ಯೋಚಿಸಿತು, ಆಮೇಲೆ ಕೂಕ್ ಎಂದಿತು. ಮತ್ತೆ ಕೂಕ್. ಓಣಿಯ ಬಾಗಿಲುಗಳಿಂದ ಬುಟ್ಟಿಗಳು ಹೊರಬಂದವು. ಮುನ್ನಿಬೀ ಮಗನಿಗೆ ಫೋನು ಮಾಡಿ, ನಾಳೆ ಮೋಟರು ಬೇಡ, ಮೊಮ್ಮಗಳು ಗುಡಿಯಾಳನ್ನು ಕರೆದುಕೊಂಡು ಬಾ ಎಂದಳು.

ಥಾಮಸ ಮಾಸ್ತರರು ತಮ್ಮ ಮನೆಯ ಜೋಳವನ್ನು ತಾವೇ ಹೊತ್ತು ತಂದಿದ್ದರು. ಮೊದಲ ಹಿಟ್ಟು ಬೀಳುವ ಹೊತ್ತಿಗೆ ಸುಭಾನ ಎಣ್ಣೆ ಡಬ್ಬಿ ಹಿಡಿದು ಸುತ್ತು ಬಂದ.

ಥಾಮಸ: (ಸಪ್ಪಳದ ಮೇಲೆ ದನಿ ಏರಿಸಿ) ಸುಭಾನ ಭಾಯಿ, ಎಣ್ಣಿ ಹಾಕೋ ತೂತು ಆ ಕಡಿ ಅದಾವಲ್ಲ?

ಸುಭಾನ: ಹೌದು.

ಥಾಮಸ: ಮತ್ತ ಈ ತಗಡಿಗಿ ಯಾಕ ಹಾಕ್ತೀರಿ? ಎಂಜಿನ್ ನಿಂತಿದ್ದಾಗೂ ದಿನಾ ಇಲ್ಲೇ ಹಾಕಲಿಕತ್ತಿದ್ರಿ. ನಾ ನೋಡೀನಿ.

ಸುಭಾನ: ವಯಸ್ಸಾತಲ್ಲ ಮಾಸ್ತರ. ಕೈ ನಡಗ್ತದ. ಸೋರ್ತದ.

ಮುನ್ನಿಬೀ ಚಿಟಿಕೆ ಹಿಟ್ಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಬೆಳಿಗ್ಗೆ ಬಳೆಯಂಥ ರಿಂಗುಗಳನ್ನು ಏರಿಸಿದ ಕೈ ಅದು. ನಡುಗಿರಲಿಲ್ಲ. ಮದುವೆಯ ಹೊಸದರಲ್ಲಂತೂ ನಡುಗುವ ವಯಸ್ಸೇ ಅಲ್ಲ. ಆಗಿನಿಂದಲೂ ಆ ಡಬ್ಬಿ ಅಲ್ಲೇ ಸೋರುತ್ತ ಬಂದಿದೆ. ಹಿಟ್ಟಿಗೆ ಎಣ್ಣೆ ಕಲಸಿದ್ದು ಅವಳು ಮೊದಲ ದಿನ ಮಾತ್ರ. ಆಮೇಲೆ ದಿನವೂ ಒತ್ತಿದ್ದು ಒಣ ಹಿಟ್ಟು. ಒಣ ಹಿಟ್ಟು ಒಣ ತಗಡಿಗೆ ಎಂದಾದರೂ ಅಂಟೀತೇ?

ಅವಳು ಗಂಡನ ಕಡೆ ನೋಡಿದಳು. ಗಂಡ ಡಬ್ಬಿಯ ಮೂತಿಯನ್ನು ಬಹಳ ಕಾಳಜಿಯಿಂದ ಒರೆಸುತ್ತಿದ್ದ.

ಬಿಸ್ಮಿಲ್ಲಾ ಎಂದು ಅವಳು ಹಿಟ್ಟು ಒತ್ತಿದಳು. ಎಣ್ಣೆ ತಾಜಾ ಇತ್ತು. ಹಿಟ್ಟು ಚೆನ್ನಾಗಿ ಹಿಡಿಯಿತು.

ಥಾಮಸ: ಭಾಬಿ, ನಾ ಒಂದು ಮಾತು ಹೇಳ್ತೇನಿ, ಇಲ್ಲನಬ್ಯಾಡ್ರಿ. ಗಂಟಿ ತಿಕ್ಕೂ ಪಾಲಿಶ್ ನನ್ನ ಹತ್ರ ಭಾಳ ಉಳದದ. ನಾಳೆ ತರ್ತೇನಿ. ಪುಕ್ಕಟ, ನನ್ನ ಕೈಯಾರೆ ಈ ತಗಡು ತಿಕ್ಕಿ ಬಂಗಾರದಾಂಗ ಮಾಡಿ ಕೊಡ್ತೇನಿ. ಅಕ್ಷರ ಮಿಂಚಬೇಕು!

ಮುನ್ನಿಬೀ: ಬ್ಯಾಡ್ರಿ ಮಾಸ್ತರ.

ಸುಭಾನ: (ಅದೇ ಉಸಿರಿನಲ್ಲಿ) ಬ್ಯಾಡ.

ಥಾಮಸ: ಅಲ್ಲರಿ, ಹಾಂಗಾದ್ರ ಇದು ಯಾವೂರದ್ದು ಅಂಬೋದು ಗೊತ್ತಾಗೋದು ಹ್ಯಾಂಗ?

ಮುನ್ನಿಬೀ: ಗೊತ್ತಿಲ್ಲದವ್ರು ಇಲ್ಲಿ ನೀವೊಬ್ರೇ ಅದೀರಿ ಮಾಸ್ತರ.

ಸುಭಾನನ ಕೈಯಲ್ಲಿದ್ದ ಡಬ್ಬಿ ನಿಜವಾಗಿಯೂ ಸ್ವಲ್ಪ ನಡುಗಿತು. ಮಾಸ್ತರರು ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದರು. ಎಂಜಿನ್ ಕೂಕ್ ಕೂಕ್ ಎಂದು ಓಣಿಗೆಲ್ಲ ಕೇಳುವಂತೆ ಹೊಡೆದುಕೊಳ್ಳುತ್ತಿತ್ತು.

ಥಾಮಸ: ಏನಂದ್ರಿ ಭಾಬಿ? ಸಪ್ಪಳದಾಗ ಕೇಳಲಿಲ್ಲ.

ಮುನ್ನಿಬೀ: ಚಹಾ ಆರ್ಲಿಕತ್ತದ, ಕುಡೀರಿ. ಪಾಲಿಶ್ ಗಂಟಿಗೇ ಇರಲಿ.